ತಲೆನೋವಿಗೆ ಕಾಫಿ, ಕಾಫಿಯಿಂದ ತಲೆನೋವು

ಔಷಧದಂಗಡಿಯಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುವ ಹಲವು ತಲೆನೋವಿನ ಮಾತ್ರೆಗಳ ಹಾಳೆಯನ್ನು ತಿರುಗಿಸಿ ನೋಡಿದರೆ, ಸಣ್ಣ ಅಕ್ಷರಗಳಲ್ಲಿ ಕೆಫೀನ್ ಎಂಬ ಹೆಸರು ಕಾಣುತ್ತದೆ. ಒಂದು ಸಾರಿಡಾನ್ ಮಾತ್ರೆಯಲ್ಲಿ 250 ಮಿಲಿಗ್ರಾಂ ಪ್ಯಾರಾಸಿಟಮಾಲ್, 150 ಮಿಲಿಗ್ರಾಂ ಪ್ರೊಪಿಫೆನಜೋನ್ ಇವುಗಳ ಜೊತೆಗೆ 50 ಮಿಲಿಗ್ರಾಂ ಕೆಫೀನ್ ಇರುತ್ತದೆ. ಇದೇ ಕೆಫೀನ್, ಅಂತರರಾಷ್ಟ್ರೀಯ ತಲೆನೋವು ಸಂಘ ಸಿದ್ಧಪಡಿಸಿರುವ ತಲೆನೋವುಗಳ ವರ್ಗೀಕರಣದಲ್ಲಿ ಒಂದು ಬಗೆಯ ತಲೆನೋವಿಗೆ ಕಾರಣವೆಂದೂ ದಾಖಲಾಗಿದೆ. ಮದ್ದು, ರೋಗಕಾರಣ ಎರಡೂ ಒಂದೇ ವಸ್ತು. ಯಾವಾಗ ಯಾವುದಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಎರಡು ಸಂಗತಿಗಳು: ದಿನಕ್ಕೆ ಎಷ್ಟು ಒಳಗೆ ಹೋಗುತ್ತದೆ, ಎಷ್ಟು ನಿಯಮಿತವಾಗಿ ಹೋಗುತ್ತದೆ.

ಕೆಫೀನನ್ನು ಕಾಫಿ ಬೀಜದಿಂದ ಮೊದಲು ಬೇರ್ಪಡಿಸಿದವನು ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರೀಡ್‌ಲೀಬ್ ಫರ್ಡಿನೆಂಡ್ ರುಂಗೆ, 1819ರಲ್ಲಿ. ಪರೀಕ್ಷಿಸಿ ನೋಡು ಎಂದು ಅವನ ಕೈಗೆ ಬೀಜ ಕೊಟ್ಟವನು ಕವಿ ಗಯಟೆ. ಆದರೆ ಆ ಬಿಳಿ ಪುಡಿ ಮಿದುಳಿನಲ್ಲಿ ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗಲು ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೆ ಕಾಯಬೇಕಾಯಿತು.

ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನ ಜೀವಕೋಶಗಳು ಶಕ್ತಿ ಖರ್ಚು ಮಾಡುತ್ತಲೇ ಇರುತ್ತವೆ. ಆ ಖರ್ಚಿನ ಜೊತೆಜೊತೆಗೇ ಅಡಿನೋಸಿನ್ ಎಂಬ ವಸ್ತು ಶೇಖರವಾಗುತ್ತ ಹೋಗುತ್ತದೆ. ನರಕೋಶಗಳ ಮೇಲೆ ಅದಕ್ಕೆಂದೇ ಇರುವ ಗ್ರಾಹಕಗಳಲ್ಲಿ ಅದು ಕೂತಾಗ ನರಗಳ ಚಟುವಟಿಕೆ ತಗ್ಗುತ್ತದೆ. ರಾತ್ರಿಯಾಗುತ್ತ ಬರುವ ಮಂಪರಿನಲ್ಲಿ ಅಡಿನೋಸಿನ್ನಿನ ಪಾಲು ದೊಡ್ಡದು. ರಕ್ತನಾಳಗಳ ಗೋಡೆಯಲ್ಲೂ ಇಂಥ ಗ್ರಾಹಕಗಳಿವೆ. ಅಲ್ಲಿ ಅಡಿನೋಸಿನ್ ಸೇರಿದಾಗ ನಾಳ ಹಿಗ್ಗುತ್ತದೆ. ಕೆಫೀನಿನ ಅಣುವಿನ ರಚನೆ ಅಡಿನೋಸಿನ್ನನ್ನು ಬಹುಮಟ್ಟಿಗೆ ಹೋಲುವುದರಿಂದ ಅದು ಅದೇ ಜಾಗಗಳಲ್ಲಿ ಹೋಗಿ ಕೂರುತ್ತದೆ, ಆದರೆ ಅಡಿನೋಸಿನ್ ಮಾಡುವ ಕೆಲಸ ಮಾಡುವುದಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ: ಸೀಟಿನಲ್ಲಿ ಯಾರೂ ಕೂತಿಲ್ಲ, ಬೇರೆಯವರು ಕೂರುವಂತೆಯೂ ಇಲ್ಲ. ಪರಿಣಾಮವಾಗಿ ಮಂಪರು ಹಿಂದಕ್ಕೆ ಸರಿಯುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಸುಮಾರು 250 ಮಿಲಿಗ್ರಾಂ ಕೆಫೀನ್ ಸೇವಿಸಿದವರ ಮಿದುಳಿನ ರಕ್ತಸಂಚಾರ ಹೆಚ್ಚುಕಡಿಮೆ ಕಾಲುಭಾಗದಷ್ಟು ತಗ್ಗುವುದನ್ನು ಅಳತೆಗಳು ತೋರಿಸಿವೆ.

ಕಾಫಿ ಕುಡಿದರೆ ಹಿಗ್ಗಿದ ನಾಳ ಕುಗ್ಗಿ ತಲೆನೋವು ಹೋಗುತ್ತದೆ ಎಂಬ ಪ್ರಚಲಿತ ವಿವರಣೆ ಬಂದಿದ್ದು ಇಲ್ಲಿಂದಲೇ. ಅದು ಅರ್ಧ ಸತ್ಯ ಮಾತ್ರ. ಮೈಗ್ರೇನ್ ಎಂದರೆ ರಕ್ತನಾಳಗಳ ಹಿಗ್ಗುವಿಕೆಯೇ ಎಂದು ಕಳೆದ ಶತಮಾನದ ನಡುಭಾಗದಲ್ಲಿ ನಂಬಲಾಗಿತ್ತು. ಈಗ ಅದನ್ನು ಮೂಲತಃ ನರವ್ಯೂಹದ ತೊಂದರೆ ಎಂದೇ ಪರಿಗಣಿಸಲಾಗುತ್ತದೆ, ನಾಳಗಳ ಬದಲಾವಣೆ ಅದರ ಒಂದು ಅಂಗವಷ್ಟೇ. ಅಡಿನೋಸಿನ್ನಿಗೆ ನೋವಿನ ಸಂಕೇತಗಳೊಂದಿಗೇ ನೇರ ಸಂಬಂಧವಿದೆ. ಮೈಗ್ರೇನ್ ಬಂದಿರುವ ಹೊತ್ತಿನಲ್ಲಿ ರಕ್ತದಲ್ಲಿ ಅದರ ಪ್ರಮಾಣ ಏರಿರುವುದು ಕಂಡುಬಂದಿದೆ. ಪಾರ್ಶ್ವವಾಯು ಮರುಕಳಿಸದಿರಲೆಂದು ಕೊಡುವ ಡೈಪಿರಿಡಮೋಲ್ ಎಂಬ ಔಷಧ ದೇಹದಲ್ಲಿ ಅಡಿನೋಸಿನ್ ಹೆಚ್ಚಿಸುತ್ತದೆ. ಅದರ ಅತಿ ಸಾಮಾನ್ಯವಾದ ಅಡ್ಡಪರಿಣಾಮ ತಲೆನೋವು. ಅಡಿನೋಸಿನ್ನನ್ನು ತಡೆಯುವ ಕೆಫೀನ್ ನೋವನ್ನೂ ಒಂದಿಷ್ಟು ತಡೆಯುವುದರಲ್ಲಿ ಆಶ್ಚರ್ಯವಿಲ್ಲ.

ತೊಂದರೆ ಹುಟ್ಟುವುದು ಈ ತಡೆ ದಿನನಿತ್ಯದ್ದಾದಾಗ. ತನ್ನ ಗ್ರಾಹಕಗಳನ್ನು ಯಾರೋ ಸದಾ ಹಿಡಿದಿಟ್ಟಿದ್ದಾರೆ ಎಂದಾಗ ಮಿದುಳು ಅದಕ್ಕೆ ಹೊಂದಿಕೊಳ್ಳುತ್ತದೆ, ಅಡಿನೋಸಿನ್ನಿಗೆ ಮೊದಲಿಗಿಂತ ಹೆಚ್ಚು ಸೂಕ್ಷ್ಮವಾಗುತ್ತದೆ. ಆಮೇಲೆ ಬೆಳಗಿನ ಕಾಫಿ ಹೊಸ ಚುರುಕನ್ನೇನೂ ಕೊಡುವುದಿಲ್ಲ. ಇದ್ದ ಸ್ಥಿತಿಗೆ ತಂದು ನಿಲ್ಲಿಸುತ್ತದೆ, ಅಷ್ಟೇ. ಅದು ಸಿಗದ ದಿನ ಅಡಿನೋಸಿನ್ ಒಮ್ಮೆಲೇ ನುಗ್ಗುತ್ತದೆ, ನಾಳಗಳು ಹಿಗ್ಗುತ್ತವೆ, ತಲೆ ಭಾರವಾಗುತ್ತದೆ.

ಈ ತಲೆನೋವಿಗೆ ಖಚಿತವಾದ ಲಕ್ಷಣಗಳಿವೆ. ಕೊನೆಯ ಲೋಟದ 12ರಿಂದ 24 ಗಂಟೆಗಳ ನಂತರ ಶುರುವಾಗಿ, ಒಂದೆರಡು ದಿನಗಳಲ್ಲಿ ತಾರಕಕ್ಕೇರಿ, ಎರಡು ದಿನದಿಂದ ಒಂಬತ್ತು ದಿನಗಳವರೆಗೂ ಉಳಿಯಬಲ್ಲದು. ಸಾಮಾನ್ಯವಾಗಿ ಇಡೀ ತಲೆ ಹಿಡಿದುಕೊಂಡು ಮಿಡಿಯುತ್ತದೆ. ಜೊತೆಗೆ ಆಲಸ್ಯ, ಸಿಡುಕು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಕೆಲವರಿಗೆ ಓಕರಿಕೆ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನಕ್ಕೆ 200 ಮಿಲಿಗ್ರಾಂ ಮೀರಿ ಕೆಫೀನ್ ಸೇವಿಸಿ ನಿಲ್ಲಿಸಿದಾಗ ಬಂದಿರಬೇಕು, 100 ಮಿಲಿಗ್ರಾಂ ಸೇವಿಸಿದರೆ ಒಂದು ಗಂಟೆಯೊಳಗೆ ಇಳಿಯಬೇಕು ಅಥವಾ ಪೂರ್ತಿ ಬಿಟ್ಟ ಏಳು ದಿನಗಳೊಳಗೆ ತಾನಾಗಿ ಹೋಗಬೇಕು ಎಂಬುದು ಅಂತರರಾಷ್ಟ್ರೀಯ ವರ್ಗೀಕರಣದ ಮಾನದಂಡ. ಅಭ್ಯಾಸ ಅಂಟಲು ಇದಕ್ಕಿಂತ ಕಡಿಮೆಯೂ ಸಾಕು. ದಿನಕ್ಕೆ 100 ಮಿಲಿಗ್ರಾಂ ಕುಡಿಯುವವರಲ್ಲೂ ಈ ತಲೆನೋವು ಕಂಡಿದೆ.

ಇದು ವಿಪರೀತ ಕುಡಿಯುವವರ ಪಾಡು ಎಂಬ ಕಲ್ಪನೆಯನ್ನು ಮುರಿದದ್ದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1992ರಲ್ಲಿ ಪ್ರಕಟಿಸಿದ ಅಧ್ಯಯನ. ಅದರಲ್ಲಿದ್ದ 62 ಮಂದಿಯೂ ಸಾಮಾನ್ಯ ಜನ. ದಿನಕ್ಕೆ ಸರಾಸರಿ 235 ಮಿಲಿಗ್ರಾಂ, ಅಂದರೆ ಎರಡೂವರೆ ಕಪ್ ಕಾಫಿಯಷ್ಟು ಕೆಫೀನ್ ಅವರ ಅಭ್ಯಾಸ. ಆಹಾರದಿಂದ ಕೆಫೀನನ್ನು ಪೂರ್ತಿ ತೆಗೆದು, ಎರಡು ದಿನ ಕೆಫೀನ್ ಮಾತ್ರೆ, ಇನ್ನೆರಡು ದಿನ ಅದೇ ರೀತಿ ಕಾಣುವ ಸಪ್ಪೆ ಮಾತ್ರೆ ಕೊಡಲಾಯಿತು. ಯಾವುದು ಯಾವಾಗ ಎಂಬುದು ನುಂಗುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಸಪ್ಪೆ ಮಾತ್ರೆಯ ದಿನಗಳಲ್ಲಿ ಶೇ. 52ರಷ್ಟು ಜನರಿಗೆ ಮಧ್ಯಮ ಅಥವಾ ತೀವ್ರ ತಲೆನೋವು ಬಂತು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯೂ ಕೆಫೀನ್ ಬಿಟ್ಟಾಗಿನ ಲಕ್ಷಣಗಳನ್ನು ಒಂದು ಪ್ರತ್ಯೇಕ ತೊಂದರೆಯಾಗಿ ಸೇರಿಸಿಕೊಂಡಿತು.

ದಿನಬಳಕೆಯಲ್ಲಿ ಈ ತಲೆನೋವು ಬೇರೆಬೇರೆ ವೇಷಗಳಲ್ಲಿ ಬರುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ ಆರಕ್ಕೆ ಒಂದು ಲೋಟ, ಆಫೀಸಿನಲ್ಲಿ ಹನ್ನೊಂದಕ್ಕೆ ಇನ್ನೊಂದು ಕುಡಿಯುವವರು ಭಾನುವಾರ ಒಂಬತ್ತರವರೆಗೆ ಮಲಗಿದರೆ ತಲೆನೋವಿನೊಂದಿಗೇ ಏಳುತ್ತಾರೆ. ವಾರವಿಡೀ ದುಡಿದ ದಣಿವು ಈಗ ಹೊರಬರುತ್ತಿದೆ ಎಂದುಕೊಳ್ಳುವುದು ರೂಢಿ. ಅದರಲ್ಲಿ ತಪ್ಪಿಹೋದ ಬೆಳಗಿನ ಕಾಫಿಯ ಪಾಲೂ ಇರುತ್ತದೆ. ಉಪವಾಸದ ತಲೆನೋವಿನಲ್ಲೂ ಹಾಗೆಯೇ. ರಂಜಾನಿನ ಮೊದಲ ದಿನಗಳ ತಲೆನೋವನ್ನು ಸೌದಿ ಅರೇಬಿಯಾದಲ್ಲಿ ಅಧ್ಯಯನ ಮಾಡಿದ ವೈದ್ಯರು 1999ರಲ್ಲಿ ಅದಕ್ಕೆ ಕೆಫೀನ್ ತಪ್ಪಿದ್ದೇ ಮುಖ್ಯ ಕಾರಣವೆಂದು ಗುರುತಿಸಿದರು. ಹಸಿವು, ನೀರು ಕುಡಿಯದಿರುವುದು, ನಿದ್ದೆಗೆಟ್ಟಿರುವುದು ಇವೂ ತಲೆನೋವು ತರಬಲ್ಲವು. ಆದರೆ ನಿರಾಹಾರ ಏಕಾದಶಿಯ ಸಂಜೆ ತಲೆ ಸಿಡಿಯುವವರಲ್ಲಿ ಕಾಫಿಯ ಅಭ್ಯಾಸವಿರುವವರೇ ಹೆಚ್ಚು ಒದ್ದಾಡುತ್ತಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಶಸ್ತ್ರಚಿಕಿತ್ಸೆಗೆಂದು ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೆಯಲ್ಲಿದ್ದು, ಮರುದಿನ ಎಚ್ಚರವಾದ ಮೇಲೆ ಅರಿವಳಿಕೆಯ ಔಷಧವನ್ನು ದೂರುವ ರೋಗಿಗಳ ಕತೆಯೂ ಹಲವು ಬಾರಿ ಇದೇ. ಹಾಲಿಲ್ಲದ ಕಾಫಿಯನ್ನು ಶಸ್ತ್ರಚಿಕಿತ್ಸೆಗೆ ಎರಡು ಗಂಟೆ ಮುಂಚಿನವರೆಗೂ ಕುಡಿಯಬಹುದು ಎನ್ನುತ್ತವೆ ಈಗಿನ ಅರಿವಳಿಕೆ ಮಾರ್ಗಸೂಚಿಗಳು. ಹಾಲು ಬೆರೆಸಿದ ಕಾಫಿಗೆ ಆ ರಿಯಾಯಿತಿ ಇಲ್ಲ, ಅದು ಊಟದ ಲೆಕ್ಕಕ್ಕೇ ಸೇರುತ್ತದೆ. ಏನಿದ್ದರೂ ತಮ್ಮ ಅರಿವಳಿಕೆ ವೈದ್ಯರನ್ನು ಕೇಳದೆ ಕುಡಿಯತಕ್ಕದ್ದಲ್ಲ.

ಇನ್ನು ಮದ್ದಿನ ಮಾತು. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಮಿದುಳಿನ ರಚನೆಯನ್ನು ವಿವರಿಸಿ ಹೆಸರಾದ ವೈದ್ಯ ಥಾಮಸ್ ವಿಲಿಸ್ ತಲೆನೋವಿನ ರೋಗಿಗಳಿಗೆ ಕಾಫಿ ಸೂಚಿಸುತ್ತಿದ್ದ. ಇವತ್ತಿನ ಪುರಾವೆಯೂ ಅವನ ಕಡೆಗೇ ಇದೆ, ಆದರೆ ಒಂದು ಮಿತಿಯೊಳಗೆ. ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೇನ್‌ಗೆ 100 ಮಿಲಿಗ್ರಾಂ ಅಥವಾ ಅದಕ್ಕಿಂತ ತುಸು ಹೆಚ್ಚು ಕೆಫೀನ್ ಸೇರಿಸಿದರೆ, ನೋವು ಚೆನ್ನಾಗಿ ಇಳಿಯಿತು ಎನ್ನುವವರ ಪ್ರಮಾಣ ನೂರಕ್ಕೆ ಐದರಿಂದ ಹತ್ತರಷ್ಟು ಹೆಚ್ಚುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಪರಾಮರ್ಶೆ 2014ರಲ್ಲಿ ಹೇಳಿತು. ಆಸ್ಪಿರಿನ್, ಪ್ಯಾರಾಸಿಟಮಾಲ್ ಹಾಗೂ 65 ಮಿಲಿಗ್ರಾಂ ಕೆಫೀನ್ ಕೂಡಿದ ಮಾತ್ರೆಯನ್ನು ಮೈಗ್ರೇನಿಗೆ ಚೀಟಿಯಿಲ್ಲದೆ ಮಾರಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1998ರಲ್ಲಿ ಒಪ್ಪಿತು. ಭಾರತದಲ್ಲಿ ಹೀಗೆ ಹಲವು ಔಷಧಗಳನ್ನು ಬೆರೆಸಿದ ಮಾತ್ರೆಗಳ ಬಗ್ಗೆ ಸರ್ಕಾರಕ್ಕೇ ಅನುಮಾನವಿತ್ತು. 2018ರಲ್ಲಿ ನಿಷೇಧಿಸಿದ 328 ಮಿಶ್ರಣಗಳ ಪಟ್ಟಿಯಲ್ಲಿ ಸಾರಿಡಾನ್ ಕೂಡ ಇತ್ತು. ಸುಪ್ರೀಂ ಕೋರ್ಟ್ ಅದಕ್ಕೆ ಮುಂದಿನ ವರ್ಷ ವಿನಾಯಿತಿ ಕೊಟ್ಟಿತು.

ಮೈಗ್ರೇನ್ ಬಂದಾಗ ಹೊಟ್ಟೆಯ ಚಲನೆ ನಿಧಾನವಾಗುತ್ತದೆ. ನುಂಗಿದ ಮಾತ್ರೆ ಅಲ್ಲೇ ಉಳಿದು, ತಡವಾಗಿ ರಕ್ತಕ್ಕೆ ಸೇರುತ್ತದೆ. ಕೆಲವು ಔಷಧಗಳ ಹೀರಿಕೆಯನ್ನು ಕೆಫೀನ್ ಹೆಚ್ಚಿಸುತ್ತದೆ. ಹಳೆಯ ಮೈಗ್ರೇನ್ ಮದ್ದಾದ ಎರ್ಗೊಟಮೀನ್ ಜೊತೆಗೆ ಅದನ್ನು ಬೆರೆಸುತ್ತ ಬಂದಿರುವುದು ಇದೇ ಕಾರಣಕ್ಕೆ. ಕೆಫೀನ್ ಕೆಲಸಕ್ಕೆ ಬರುವ ಇನ್ನೆರಡು ತಲೆನೋವುಗಳಿವೆ. ಹೆರಿಗೆಯ ಶಸ್ತ್ರಚಿಕಿತ್ಸೆಯಂಥ ಸಂದರ್ಭದಲ್ಲಿ ಬೆನ್ನಿಗೆ ಚುಚ್ಚಿದ ಬಳಿಕ ಕೆಲವರಿಗೆ ಎದ್ದು ಕೂತರೆ ವಿಪರೀತವಾಗಿ ನೋಯುವ, ಮಲಗಿದರೆ ಇಳಿಯುವ ತಲೆನೋವು ಬರುತ್ತದೆ. ಅದಕ್ಕೆ ಕೆಫೀನ್ ತಾತ್ಕಾಲಿಕ ಆರಾಮ ಕೊಡುತ್ತದೆ. ಎರಡನೆಯದು ವಿಚಿತ್ರ. ಸಾಮಾನ್ಯವಾಗಿ ಐವತ್ತು ದಾಟಿದವರನ್ನು ರಾತ್ರಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಿದ್ದೆಯಿಂದ ಎಬ್ಬಿಸುವ ತಲೆನೋವು ಅದು, 1988ರಲ್ಲಿ ಮೊದಲ ಬಾರಿಗೆ ವರ್ಣಿತವಾಯಿತು. ಅಂಥವರಿಗೆ ಮಲಗುವ ಮುನ್ನ ಒಂದು ಕಪ್ ಕಾಫಿ ಕುಡಿಯಿರಿ ಎಂದು ವೈದ್ಯರೇ ಹೇಳುವುದುಂಟು, ಹೆಚ್ಚಿನವರ ನಿದ್ದೆಯೂ ಅದರಿಂದ ಕೆಡುವುದಿಲ್ಲ.

ಮೈಗ್ರೇನ್ ಇರುವವರು ಕಾಫಿ ಕುಡಿಯಬಾರದೇ? ಕರ್ನಾಟಕದ ಮಟ್ಟಿಗೆ ಇದು ಸಣ್ಣ ಪ್ರಶ್ನೆಯಲ್ಲ. ನಿಮ್ಹಾನ್ಸ್ ಸಂಸ್ಥೆಯ ತಂಡ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 25ರಷ್ಟು ಮಂದಿಗೆ, ಅಂದರೆ ನಾಲ್ವರಲ್ಲಿ ಒಬ್ಬರಿಗೆ, ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಬಂದಿತ್ತು. ನಾಲ್ಕು ಗಂಟೆಯಿಂದ ಮೂರು ದಿನದವರೆಗೆ ಇರಬಲ್ಲ, ಬೆಳಕು ಸದ್ದುಗಳನ್ನು ಸಹಿಸಲಾಗದಂತೆ ಮಾಡುವ, ಹಲವರಿಗೆ ತಲೆಯ ಒಂದೇ ಪಕ್ಕ ಹಿಡಿಯುವ ಅರೆತಲೆನೋವು ಇದು. ರೋಗಿಗಳು ತಾವೇ ಗುರುತಿಸುವ ಪ್ರಚೋದಕಗಳ ಪಟ್ಟಿಯಲ್ಲಿ ಕಾಫಿ ತಪ್ಪದೆ ಇರುತ್ತದೆ.

ಆದರೆ ಆ ಆರೋಪದಲ್ಲಿ ಒಂದು ತೊಡಕಿದೆ. ಮೈಗ್ರೇನ್ ನೋವಿನಿಂದಲೇ ಶುರುವಾಗುವುದಿಲ್ಲ. ನೋವಿಗೆ ಕೆಲವು ಗಂಟೆಗಳ, ಕೆಲವೊಮ್ಮೆ ಒಂದೆರಡು ದಿನಗಳ ಮೊದಲೇ ಅದರ ಮುನ್ಸೂಚನೆಯ ಹಂತ ಆರಂಭವಾಗಿರುತ್ತದೆ: ಮೇಲಿಂದ ಮೇಲೆ ಆಕಳಿಕೆ, ಕಾರಣವಿಲ್ಲದ ಸುಸ್ತು, ಏನನ್ನೋ ತಿನ್ನಬೇಕೆಂಬ ಹಂಬಲ. ಸುಸ್ತಾದವರು ಮಾಡುವುದೇನು? ಇನ್ನೊಂದು ಲೋಟ ಕಾಫಿ ಕುಡಿಯುತ್ತಾರೆ. ಎರಡು ಗಂಟೆ ಕಳೆದು ತಲೆ ಹಿಡಿದರೆ ಆ ಲೋಟದ ಮೇಲೆಯೇ ಅನುಮಾನ. ಅಸಲಿಗೆ ಕಾಫಿ ಕುಡಿಯುವಂತೆ ಮಾಡಿದ್ದೇ ಅದಾಗಲೇ ಶುರುವಾಗಿದ್ದ ಮೈಗ್ರೇನ್ ಆಗಿರಬಹುದು.

ಹೀಗಾಗಿ ನೆನಪನ್ನು ನೆಚ್ಚದೆ ದಿನಚರಿ ಬರೆಸಿ ನೋಡುವುದು ಹೆಚ್ಚು ವಿಶ್ವಾಸಾರ್ಹ. ಬಾಸ್ಟನ್ನಿನಲ್ಲಿ ಆಗಾಗ ಮೈಗ್ರೇನ್ ಬರುವ 98 ಮಂದಿಯಿಂದ ಆರು ವಾರ ದಿನಕ್ಕೆರಡು ಬಾರಿ ಇಂಥ ದಿನಚರಿ ಬರೆಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಕೆಫೀನ್ ಇರುವ ಪಾನೀಯವನ್ನು ಒಂದೋ ಎರಡೋ ಬಾರಿ ಕುಡಿದ ದಿನಗಳಲ್ಲಿ ತಲೆನೋವಿನ ಸಂಭವ ಹೆಚ್ಚಿರಲಿಲ್ಲ. ಮೂರು ಅಥವಾ ಹೆಚ್ಚು ಬಾರಿ ಕುಡಿದ ದಿನ ಹೆಚ್ಚಿತ್ತು. ಕಾಫಿಯ ಅಭ್ಯಾಸವೇ ಅಷ್ಟಾಗಿ ಇಲ್ಲದವರಿಗೆ ಒಂದೆರಡು ಕಪ್ಪಿನಿಂದಲೂ ತೊಂದರೆಯಾಗಿರುವ ಸೂಚನೆಯಿತ್ತು. ಮೈಗ್ರೇನ್ ಇರುವವರೆಲ್ಲ ಕಾಫಿ ಬಿಡಬೇಕು ಎಂಬ ಸಾರಾಸಗಟು ಸಲಹೆಗೆ ಆಧಾರ ಸಾಲದು. ಮಿತಿ ಮೀರಬಾರದು ಎಂಬುದಕ್ಕೆ ಇದೆ.

ನಿದ್ದೆಯ ದಾರಿಯಿಂದಲೂ ಕೆಫೀನ್ ಮೈಗ್ರೇನನ್ನು ಮುಟ್ಟುತ್ತದೆ. ಕುಡಿದ ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು ಸರಾಸರಿ ಐದು ಗಂಟೆ ಬೇಕು. ಬೀಡಿ ಸಿಗರೇಟು ಸೇದುವವರಲ್ಲಿ ಇದು ಬೇಗ ಕರಗುತ್ತದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೆಚ್ಚುಕಡಿಮೆ ಎರಡರಷ್ಟು ಹೊತ್ತು, ತುಂಬು ಗರ್ಭಿಣಿಯರಲ್ಲಿ 15 ಗಂಟೆಯವರೆಗೂ ಹಿಡಿಯಬಹುದು. ಸಂಜೆ ಐದರ ಸ್ಟ್ರಾಂಗ್ ಕಾಫಿಯ ಅರ್ಧದಷ್ಟು ಕೆಫೀನ್ ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ. ನಿದ್ದೆ ಬಂದರೂ ಅದು ತೆಳುವಾಗುತ್ತದೆ. ನಿದ್ದೆಗೆಟ್ಟರೆ ಮೈಗ್ರೇನ್ ಬರುತ್ತದೆ ಎಂಬುದನ್ನು ರೋಗಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ನಿಜವಾದ ಅಪಾಯ ಲೋಟದಲ್ಲಿರುವುದಕ್ಕಿಂತ ಮಾತ್ರೆಯಲ್ಲಿದೆ. ತಲೆನೋವಿಗೆ ಮಾತ್ರೆ ನುಂಗುವುದು ವಾರಕ್ಕೊಮ್ಮೆ ಇದ್ದದ್ದು ಮೂರು ಬಾರಿಯಾಗಿ, ಆಮೇಲೆ ದಿನಾ ಆಗುತ್ತದೆ. ಮಾತ್ರೆಯ ಪ್ರಭಾವ ಇಳಿದಾಗಲೆಲ್ಲ ತಲೆನೋವು ಮರಳುತ್ತದೆ, ಅದಕ್ಕೆ ಮತ್ತೊಂದು ಮಾತ್ರೆ. ಅತಿಯಾದ ಔಷಧದಿಂದಲೇ ಹುಟ್ಟುವ ಈ ತಲೆನೋವನ್ನು ಗುರುತಿಸಲು ವೈದ್ಯರು ಇಟ್ಟುಕೊಂಡಿರುವ ಗಡಿ ಹೀಗಿದೆ: ಪ್ಯಾರಾಸಿಟಮಾಲ್‌ನಂಥ ಒಂದೇ ಔಷಧದ ಮಾತ್ರೆಯಾದರೆ ತಿಂಗಳಿಗೆ 15 ದಿನ, ಹಲವು ಔಷಧ ಬೆರೆತ ಮಾತ್ರೆಯಾದರೆ 10 ದಿನ, ಅಷ್ಟು ಅಥವಾ ಅದಕ್ಕಿಂತ ಹೆಚ್ಚು ದಿನಗಳ ಸೇವನೆ ಮೂರು ತಿಂಗಳು ಮೀರಿ ನಡೆದಿರಬೇಕು. ಕೆಫೀನ್ ಬೆರೆತ ಮಾತ್ರೆಗಳು ಬೀಳುವುದು ಹತ್ತು ದಿನದ ಗಡಿಯೊಳಗೆ. ಅಂದರೆ ವಾರಕ್ಕೆ ಮೂರು ದಿನ ಇಂಥ ಮಾತ್ರೆ ನುಂಗುವವರು ಆಗಲೇ ಗಡಿ ದಾಟಿರುತ್ತಾರೆ. ಮಾತ್ರೆಯನ್ನು ಬಿಸಿ ಕಾಫಿಯ ಜೊತೆಗೇ ನುಂಗುವ ರೂಢಿಯಂತೂ ಒಂದೇ ಸಲಕ್ಕೆ ಎರಡು ಕಡೆಯಿಂದ ಕೆಫೀನ್ ಒಳಗೆ ಕಳಿಸುತ್ತದೆ. ಕಿರಾಣಿ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಕತ್ತರಿಸಿ ಕೊಡುವ ಮಾತ್ರೆಯಲ್ಲಿ ಏನಿದೆ ಎಂದು ಓದುವ ಅವಕಾಶವೂ ಇರುವುದಿಲ್ಲ. ಯಾವ ಮದ್ದೂ ಕೇಳದ ನಿತ್ಯ ತಲೆನೋವು ಎಂದು ನರರೋಗ ತಜ್ಞರ ಬಳಿ ಬರುವ ಹಲವರಿಗೆ ಮೊದಲು ಬೇಕಾದದ್ದು ಹೊಸ ಔಷಧವಲ್ಲ, ಹಳೆಯದನ್ನು ನಿಲ್ಲಿಸುವ ಧೈರ್ಯ. ನಿಲ್ಲಿಸಿದ ಮೊದಲ ಒಂದೆರಡು ವಾರ ನೋವು ಹೆಚ್ಚೇ ಇರುತ್ತದೆ. ಅದನ್ನು ವೈದ್ಯರ ಉಸ್ತುವಾರಿಯಲ್ಲೇ ದಾಟಬೇಕು.

ಲೆಕ್ಕ ಇಡುವವರಿಗೆ ಕೆಲವು ಅಂಕಿಗಳು. ಒಂದು ಕಪ್ ಇನ್‌ಸ್ಟಂಟ್ ಕಾಫಿಯಲ್ಲಿ ಸುಮಾರು 60 ಮಿಲಿಗ್ರಾಂ, ಚಹಾದಲ್ಲಿ 30ರಿಂದ 50, 330 ಮಿಲಿಲೀಟರಿನ ಕೋಲಾ ಕ್ಯಾನಿನಲ್ಲಿ 30ಕ್ಕಿಂತ ತುಸು ಹೆಚ್ಚು, 250 ಮಿಲಿಲೀಟರಿನ ಎನರ್ಜಿ ಡ್ರಿಂಕ್‌ನಲ್ಲಿ 75ರಿಂದ 80 ಮಿಲಿಗ್ರಾಂ ಕೆಫೀನ್ ಇರುತ್ತದೆ. ಕಾಫಿ ಬಿಟ್ಟೆ, ಈಗ ಗ್ರೀನ್ ಟೀ ಎನ್ನುವವರು ಕೆಫೀನನ್ನು ಬಿಟ್ಟಿರುವುದಿಲ್ಲ. ಉತ್ತರ ಕರ್ನಾಟಕದಲ್ಲಿ ದಿನಕ್ಕೆ ಆರೇಳು ಸಲ ಅರ್ಧ ಕಪ್ ಚಹಾ ಕುಡಿಯುವವರ ಮೊತ್ತವೂ ನೂರು ದಾಟುತ್ತದೆ.

ಫಿಲ್ಟರ್ ಕಾಫಿಯ ಲೆಕ್ಕ ಮಾತ್ರ ಮನೆಯಿಂದ ಮನೆಗೆ ಬೇರೆ. ಅರೇಬಿಕಾ ಬೀಜದಲ್ಲಿ ಕೆಫೀನ್ ಶೇ. 1.2ರಷ್ಟಿದ್ದರೆ ರೊಬಸ್ಟಾದಲ್ಲಿ ಶೇ. 2.2ರ ಆಸುಪಾಸು. ಕೊಡಗಿನ ತೋಟಗಳಲ್ಲಿ ಹೆಚ್ಚಾಗಿ ಬೆಳೆಯುವುದು ರೊಬಸ್ಟಾ. ಡಿಕಾಕ್ಷನ್ ಗಟ್ಟಿ ಬರಲೆಂದು ಪುಡಿ ಅಂಗಡಿಯವರು ಅದನ್ನು ಬೆರೆಸುವುದೂ ಉಂಟು. ಇನ್ನು ಚಿಕೋರಿ. ಅದು ಒಂದು ಗಿಡದ ಬೇರು, ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. 30 ಭಾಗ ಚಿಕೋರಿ ಬೆರೆತ ಹತ್ತು ಗ್ರಾಂ ಪುಡಿಯಲ್ಲಿ ಕಾಫಿ ಏಳೇ ಗ್ರಾಂ. ಅದೆಲ್ಲ ಅರೇಬಿಕಾ ಆಗಿದ್ದರೆ 84 ಮಿಲಿಗ್ರಾಂ ಕೆಫೀನ್, ರೊಬಸ್ಟಾ ಆಗಿದ್ದರೆ 154. ಇದರಲ್ಲಿ ಬಹುಪಾಲು ಮೊದಲ ಡಿಕಾಕ್ಷನ್ನಿನಲ್ಲೇ ಇಳಿದುಬರುತ್ತದೆ. ಎರಡನೆಯ ಡಿಕಾಕ್ಷನ್ ರುಚಿಯಲ್ಲೂ ಕೆಫೀನಿನಲ್ಲೂ ಸಪ್ಪೆ. ಪೊಟ್ಟಣದ ಪುಡಿಯಾದರೆ ಚಿಕೋರಿ ಶೇಕಡಾ ಎಷ್ಟು ಎಂಬುದನ್ನು ಅದರ ಮೇಲೆ ಮುದ್ರಿಸುವುದು ಕಡ್ಡಾಯ. ಚಿಕೋರಿ ಎಂದರೆ ಕಲಬೆರಕೆ ಎಂದು ಮೂಗು ಮುರಿಯುವವರೂ ಮೈಗ್ರೇನ್ ಇದ್ದರೆ ಅದನ್ನು ಕೊಂಚ ಗೌರವದಿಂದ ಕಾಣಬಹುದು.

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ, ಗರ್ಭಿಣಿಯರಿಗೆ 200ರವರೆಗೆ ಕೆಫೀನ್ ಸುರಕ್ಷಿತ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಮೈಗ್ರೇನ್ ಇರುವವರು 200 ಮಿಲಿಗ್ರಾಂ ಒಳಗೇ ಇರುವುದು ಮೇಲು ಎಂಬುದು ತಲೆನೋವು ತಜ್ಞರ ಸಾಮಾನ್ಯ ಸಲಹೆ. ಪ್ರಮಾಣದಷ್ಟೇ ಮುಖ್ಯವಾದದ್ದು ಹೊತ್ತು. ದಿನಾ ಅದೇ ಸಮಯಕ್ಕೆ ಅಷ್ಟೇ ಕುಡಿಯಬೇಕು, ಭಾನುವಾರವೂ ಸೇರಿ. ಮಧ್ಯಾಹ್ನದ ನಂತರ ಬೇಡ. ತಿಂಗಳಲ್ಲಿ ಹಲವು ಬಾರಿ ತಲೆನೋವು ಬರುವವರಾದರೆ ಕೆಲವು ವಾರ ಪೂರ್ತಿ ಬಿಟ್ಟು ನೋಡುವುದರಲ್ಲಿ ಅರ್ಥವಿದೆ, ಆದರೆ ಎರಡೇ ದಿನ ಬಿಟ್ಟು ಉಪಯೋಗವಾಗಲಿಲ್ಲ ಎಂದು ತೀರ್ಮಾನಿಸಿದರೆ ಅವರು ಅಳೆದದ್ದು ಬಿಟ್ಟಾಗಿನ ತಲೆನೋವನ್ನೇ.

ಬಿಡುವುದಾದರೆ ಒಮ್ಮೆಗೇ ಬಿಡಬಾರದು. ವಾರಕ್ಕೆ ಕಾಲುಭಾಗದಂತೆ ಇಳಿಸುತ್ತ ಬಂದರೆ ಮಿದುಳಿಗೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ಲೋಟ ಚಿಕ್ಕದು ಮಾಡಬಹುದು, ಬೈಟು ಮಾಡಬಹುದು, ಪುಡಿಯಲ್ಲಿ ಚಿಕೋರಿಯ ಪಾಲು ಹಂತಹಂತವಾಗಿ ಏರಿಸಬಹುದು, ಸಂಜೆಯ ಕಾಫಿಯ ಜಾಗಕ್ಕೆ ಕೊತ್ತಂಬರಿ ಜೀರಿಗೆಯ ಕಷಾಯ ತರಬಹುದು. ದಿನಕ್ಕೆ 300 ಮಿಲಿಗ್ರಾಂ ಅಭ್ಯಾಸವಿದ್ದವರಿಗೂ 25 ಮಿಲಿಗ್ರಾಂ ಸಿಕ್ಕರೆ ಬಿಟ್ಟಾಗಿನ ತಲೆನೋವು ಹೆಚ್ಚಾಗಿ ಬರುವುದಿಲ್ಲ ಎಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಅರ್ಧ ಕಪ್ ಚಹಾದಲ್ಲಿ ಅಷ್ಟಿರುತ್ತದೆ. ಪೂಜೆ, ಪ್ರಯಾಣ, ರೋಜಾ, ಶಸ್ತ್ರಚಿಕಿತ್ಸೆ ಎಂದು ಕಾಫಿ ತಪ್ಪುವುದು ಮೊದಲೇ ಗೊತ್ತಿದ್ದರೆ ಎರಡು ವಾರ ಮುಂಚಿನಿಂದಲೇ ಇಳಿಸುತ್ತ ಬರುವುದು ಒಳ್ಳೆಯದು.

ಎಲ್ಲ ತಲೆನೋವೂ ಕಾಫಿಯ ಲೆಕ್ಕಕ್ಕೆ ಸೇರುವುದಿಲ್ಲ. ಕ್ಷಣಾರ್ಧದಲ್ಲಿ ಸಿಡಿಲೆರಗಿದಂತೆ ಬಂದ ತಲೆನೋವು, ಜ್ವರ ಅಥವಾ ಕುತ್ತಿಗೆ ಸೆಟೆತದೊಂದಿಗೆ ಬಂದದ್ದು, ಕೈಕಾಲಿನ ಬಲಹೀನತೆ, ಮಾತಿನ ತೊದಲು, ದೃಷ್ಟಿ ಮಂಜು ಕೂಡಿದ್ದು, ತಲೆಗೆ ಪೆಟ್ಟು ಬಿದ್ದ ಮೇಲಿನದು, ಐವತ್ತರ ನಂತರ ಮೊದಲ ಬಾರಿಗೆ ಕಾಣಿಸಿಕೊಂಡದ್ದು, ಇವು ಯಾವುವಕ್ಕೂ ಮಾತ್ರೆ ನುಂಗಿ, ಕಾಫಿ ಕುಡಿದು ಮನೆಯಲ್ಲಿ ಕಾಯುತ್ತ ಕೂರಬಾರದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.